ಸೋಪಿನ ಲಿಕ್ವಿಡ್ ತೆಳುವಾದ್ರೆ ಶಕ್ತಿ ಕಮ್ಮಿಯಾ?

ಅಲಸಂಡೆಗೆ ಹೇನು ಬಿದ್ದಾಗ ಬೇವಿನ ಎಣ್ಣೆಗೆ ಸೋಪು ಕಲಸಿ ಹೊಡೆಯುವುದು ನಮ್ಮ ನಾರಾವಿ ಕಡೆ ಹೆಚ್ಚಿನವರಿಗೆ ಗೊತ್ತುಂಟು. ಎರಡು ಬೇಸಿಗೆ ಹಿಂದೆ ನಾನು ಕಿಟ್ ತಂದು ಪಾತ್ರೆ ತೊಳೆಯುವ ಲಿಕ್ವಿಡ್ ಮನೆಯಲ್ಲೇ ಮಾಡಿದೆ. ಉಪ್ಪುನೀರು ಹಾಕ್ತಾ ಬಂದ ಹಾಗೆ ಚೆನ್ನಾಗಿ ದಪ್ಪ ಆಯ್ತು. ಇನ್ನೂ ಸ್ವಲ್ಪ ಇರ್ಲಿ ಅಂತ ಮತ್ತೆ ಹಾಕಿದೆ, ಗಂಜಿ ತಿಳಿಯಂತೆ ನೀರಾಯ್ತು! ಇದ್ರಲ್ಲಿ ಶಕ್ತಿ ಇಲ್ಲ ಅಂದುಕೊಂಡು ಪಂಪಿಗೆ ಮೂರು ಪಟ್ಟು ಸುರಿದೆ. ಮೂರನೇ ದಿನ ನೋಡಿದ್ರೆ ಎಲೆಯಂಚು ಸುಟ್ಟಿತ್ತು. ತೋಟಗಾರಿಕೆ ಓದಿದವನಿಗೇ ಹೀಗೆ.

ಈ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಎಸ್‌ಎಲ್‌ಇಎಸ್ ಎಂಬ ಸರ್ಫ್ಯಾಕ್ಟೆಂಟ್. ಅದರ ಕಣಕ್ಕೆ ನೀರನ್ನು ಹಿಡಿಯುವ ತಲೆ, ಎಣ್ಣೆಯನ್ನು ಹಿಡಿಯುವ ಬಾಲ. ನೀರಿನಲ್ಲಿ ಇವು ಬಾಲ ಒಳಗೆ ಮಾಡಿ ಸಣ್ಣ ಉಂಡೆಗಳಾಗಿ ಕೂರ್ತವೆ. ತಲೆಗಳಿಗೆಲ್ಲ ಋಣ ವಿದ್ಯುದಂಶ ಇರುವುದರಿಂದ ಒಂದನ್ನೊಂದು ತಳ್ತವೆ. ಉಪ್ಪಿನ ಸೋಡಿಯಂ ಆ ತಳ್ಳಾಟವನ್ನು ತಗ್ಗಿಸ್ತದೆ. ಆಗ ಉಂಡೆಗಳು ಬೆಳೆದು ಉದ್ದನೆಯ ಎಳೆಗಳಾಗಿ, ಸೇಮಿಗೆಯಂತೆ ಸಿಕ್ಕುಹಾಕಿಕೊಳ್ತವೆ. ದಪ್ಪ ಅಂದ್ರೆ ಈ ಸಿಕ್ಕು, ಅಷ್ಟೆ. ಉಪ್ಪು ಇನ್ನೂ ಹೆಚ್ಚಾದ್ರೆ ಎಳೆಗಳು ಒಂದಕ್ಕೊಂದು ಕೂಡಿ ಕವಲೊಡೀತವೆ, ಆ ಕೂಡುಜಾಗಗಳು ಸಲೀಸಾಗಿ ಜಾರ್ತವೆ, ದ್ರಾವಣ ಮತ್ತೆ ತೆಳುವಾಗ್ತದೆ. ಸೋಪು ಮಾತ್ರ ಹಾಕಿದಷ್ಟೇ ಇರ್ತದೆ.

ಪಂಪಿನ 16 ಲೀಟರ್ ನೀರಿಗೆ ಬಿದ್ದ ಮೇಲಂತೂ ಎಳೆಗಳು ಬಿಚ್ಚಿಹೋಗ್ತವೆ. ದಪ್ಪದ್ದೂ ತೆಳುವಿನದೂ ಒಂದೇ. ಎಲೆ ಸುಟ್ಟದ್ದು ಉಪ್ಪಿನಿಂದಲೂ ಅಲ್ಲ: ಲಿಕ್ವಿಡ್‌ನ ಲೀಟರಿಗೆ 30 ಗ್ರಾಂ ಉಪ್ಪಿದ್ರೂ, ಅದರ 1 ಮಿ.ಲೀ.ಯಲ್ಲಿ ಬರುವುದು 0.03 ಗ್ರಾಂ. ಹೆಚ್ಚಾದ ಸೋಪು ಎಲೆಯ ಮೇಣವನ್ನು ತೆಗೆದದ್ದೇ ಕಾರಣ. ಹಾಗಾಗಿ ಲೀಟರಿಗೆ ಎಣ್ಣೆ 5 ಮಿ.ಲೀ., ಲಿಕ್ವಿಡ್ 1 ಮಿ.ಲೀ., ಅಳೆದೇ ಹಾಕಿ. ಮೊದಲು ಎರಡು ಗಿಡಕ್ಕೆ ಸಂಜೆ ಹೊಡೆದು ಎರಡು ದಿನ ಕಾಯಿರಿ.

ನಾನೀಗ ಬಳಸುವುದು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬಗೆಯ ಹೊಂಗೆ ಸೋಪು. ಗ್ರಾಂನಲ್ಲಿ ತೂಗಿ ಹಾಕುವುದು, ಗೊಂದಲವೇ ಇಲ್ಲ. ಆದ್ರೆ ಇಂಥ ಸೋಪಿಗೆ ಉಪ್ಪಿನಂಶ ಇನ್ನೊಂದು ರೀತಿ ಕಾಟ ಕೊಡ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ಒಡೆದ ಹಾಲಿನಂತೆ ಗಷ್ಟು ಕಟ್ಟಿ ನಾಝಲ್ ಕಟ್ಟಿಕೊಳ್ತದೆ. ಬೇವಿನ ಎಣ್ಣೆ-ಸೋಪಿನ ಜೊತೆ ಅದೇ ಪಂಪಿಗೆ ಗೋಮೂತ್ರವನ್ನೋ ಪೊಟ್ಯಾಷ್ ಗೊಬ್ಬರವನ್ನೋ ಹಾಕಿದ್ರೆ ಎಣ್ಣೆ ಬೇರ್ಪಟ್ಟು ಮೇಲೆ ಬರಬಹುದು. ಮೊದಲು ನೀರಿನ ಬಾಟಲಿಯಲ್ಲಿ ಅದೇ ಅಳತೆಗೆ ಕಲಸಿ, ಕುಲುಕಿ, ಹತ್ತು ನಿಮಿಷ ಇಡಿ. ಮೇಲೆ ಎಣ್ಣೆ ಪದರ ಕಂಡ್ರೆ ಅದನ್ನು ಗಿಡಕ್ಕೆ ಹೊಡೀಬೇಡಿ.