ಇಂದಿನ ಧಮ್ಮ ಚಿಂತನೆ: ಮಿಸ್ಸಿಂಗ್ ಹೊಡೆಯುವ ಗಾಡಿಯ ನಿದಾನ



*ನಿದಾನ* ಎಂಬ ಪದವನ್ನು ನಮ್ಮಲ್ಲಿ ಹಲವರು *ನಿಧಾನ* ಎಂದು ಓದಿಬಿಡುತ್ತಾರೆ. ದ ಬೇರೆ, ಧ ಬೇರೆ. ನಿದಾನ ಎಂದರೆ ಮೂಲಕಾರಣ. ಪಟಿಚ್ಚ ಸಮುಪ್ಪಾದದ 12 ನಿದಾನಗಳು ಎನ್ನುವಾಗ ಇರುವುದೂ ಈ ಪದವೇ, ವೈದ್ಯರು ರೋಗನಿದಾನ ಎನ್ನುವಾಗ ಇರುವುದೂ ಈ ಪದವೇ. ನನ್ನದು ಗ್ಯಾರೇಜ್ ಕಸುಬು. ದಿನ ಬೆಳಗಾದರೆ ನಾನು ಮಾಡುವುದೂ ನಿದಾನವೇ. ಆದ್ದರಿಂದ ಇವತ್ತು ಗ್ಯಾರೇಜಿನ ಮಾತಿನಲ್ಲೇ ಹೇಳುತ್ತೇನೆ.

ನಮ್ಮ ಭಾವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕೊಳ್ಳೇಗಾಲದ ಕಡೆಯ ಹಳ್ಳಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಹೋಗಿಬರುವುದು ಅವರಿಂದ ಆಗುತ್ತಿರಲಿಲ್ಲ. ಅಕ್ಕ ಮಹಿಳಾ ಸಂಘದಲ್ಲಿ ಸಾಲ ಎತ್ತಿ, ಮಗನ ಉಳಿತಾಯವನ್ನೂ ಸೇರಿಸಿ, 2015ರ ಮಾಡೆಲ್ಲಿನ ಒಂದು ಪೆಟ್ರೋಲ್ ಕಾರನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಳು. ದೀಕ್ಷೆ ತೆಗೆದುಕೊಂಡ ಮನೆ. ಹಾಗಾಗಿ ಚಕ್ರದ ಕೆಳಗೆ ನಿಂಬೆಹಣ್ಣು ಇಡಲಿಲ್ಲ, ಕುಂಬಳಕಾಯಿ ಒಡೆಯಲಿಲ್ಲ. ವಿಹಾರದ ಮುಂದೆ ಗಾಡಿ ನಿಲ್ಲಿಸಿ ತ್ರಿಶರಣ, ಪಂಚಶೀಲ ಹೇಳಿ ಮನೆಗೆ ತಂದರು.

ನಾಲ್ಕನೇ ದಿನ ಗಾಡಿ ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ಖಾಲಿ ಇದ್ದರೆ ಪರವಾಗಿಲ್ಲ. ಜನ ತುಂಬಿಕೊಂಡು ಏರು ಹತ್ತುವಾಗ ಎಳೆಯುವುದಿಲ್ಲ, ದಡದಡ ಎಂದು ನಡುಗುತ್ತದೆ, ಮುಂದಿನ ಬೋರ್ಡಿನಲ್ಲಿ ಇಂಜಿನ್ ಗುರುತಿನ ಹಳದಿ ದೀಪ ಮಿಣುಕುತ್ತದೆ. ಬೀದಿಯಲ್ಲಿ ಮಾತು ಹುಟ್ಟಲು ಎಷ್ಟು ಹೊತ್ತು? "ಪೂಜೆ ಮಾಡಿಸಲಿಲ್ಲವಲ್ಲ, ಅದಕ್ಕೇ" ಎಂದರು. ಭಾವನ ತಾಯಿ "ಈ ಗಾಡಿ ನಮಗೆ ಆಗಿಬರಲ್ಲ ಕಣವ್ವ, ಮಾರಿಬಿಡಿ" ಎಂದರು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಒಂದು ನಿಂಬೆಹಣ್ಣು ಇಟ್ಟುಬಿಟ್ಟಿದ್ದರೆ ಏನು ಹೋಗ್ತಿತ್ತು?" ಎಂದು ಕೇಳಿದಳು.

ಈ ಪ್ರಶ್ನೆಯನ್ನು ನಗುವ ಹಾಗಿಲ್ಲ. 22 ಪ್ರತಿಜ್ಞೆಗಳನ್ನು ಬಾಯಲ್ಲಿ ಹೇಳುವ ದಿನ ಧೈರ್ಯ ಇರುತ್ತದೆ. ಅದಕ್ಕೆ ಪರೀಕ್ಷೆ ಬರುವುದು ಸಾಲದ ಕಂತು, ಗಂಡನ ಕಾಯಿಲೆ, ನಿಂತ ಗಾಡಿ ಮೂರೂ ಒಟ್ಟಿಗೆ ಬಂದ ದಿನ. ಅಕ್ಕನ ಮಗ ಇನ್ನೊಂದು ಸಲಹೆ ಕೊಟ್ಟ: "ಮಾವ, ಭಂತೇಜಿಯವರನ್ನು ಕರೆಸಿ ಗಾಡಿಗೆ ಪರಿತ್ತ ಹೇಳಿಸೋಣ." ನನಗೆ ನಿಂಬೆಹಣ್ಣಿಗಿಂತ ಹೆಚ್ಚು ಕಸಿವಿಸಿಯಾದದ್ದು ಈ ಮಾತಿಗೆ. ಪರಿತ್ತ ಕೇಳಿದರೆ ಹೆದರಿದ ಮನಸ್ಸು ನೆಮ್ಮದಿಗೆ ಬರುತ್ತದೆ, ಅಕ್ಕನಿಗೆ ಬೇಕಿದ್ದರೆ ಖಂಡಿತ ಹೇಳಿಸಲಿ. ಕಾಯಿಲ್ ರಿಪೇರಿಗೆ ಹೇಳಿಸಿದರೆ ಅದೂ ನಿಂಬೆಹಣ್ಣೇ.

ಇನ್ನು ಗಾಡಿಯ ವಿಷಯ. ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಪ್ರತಿ ಸಿಲಿಂಡರೂ ಇಂಜಿನ್ ಎರಡು ಸುತ್ತು ತಿರುಗುವಾಗ ಒಮ್ಮೆ ಉರಿಯುತ್ತದೆ. ನಿಂತಲ್ಲಿ ನಿಮಿಷಕ್ಕೆ 800 ಸುತ್ತು ಎಂದರೆ ಒಂದೊಂದು ಸಿಲಿಂಡರಿನಲ್ಲೂ 400 ಸಲ ಕಿಡಿ ಹಾರಬೇಕು. ಗಾಳಿ, ಪೆಟ್ರೋಲು, ಒತ್ತಡ, ಸರಿಯಾದ ಹೊತ್ತಿಗೆ ಕಿಡಿ. ಇಷ್ಟೂ ಕೂಡಿದರೆ ಉರಿ. ಒಂದು ತಪ್ಪಿದರೂ ಉರಿ ಇಲ್ಲ, ಅದೇ ಮಿಸ್ಸಿಂಗ್. ಉರಿಯದ ಪೆಟ್ರೋಲು ಹೊಗೆ ಕೊಳವೆಗೆ ಹೋಗಿ, ಅಲ್ಲಿನ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿದು ಅದನ್ನೇ ಸುಡುತ್ತದೆ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ. *ಮಿಣುಕುತ್ತಿದ್ದರೆ* ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ಪಕ್ಕಕ್ಕೆ ಹಾಕಿ, ಓಡಿಸಬೇಡಿ.

ನನ್ನ ಹತ್ತಿರ ಬರುವ ಮೊದಲು ಹುಡುಗ ಬೇರೊಂದು ಕಡೆ ತೋರಿಸಿದ್ದ. ಅಲ್ಲಿ ಬಾನೆಟ್ ಎತ್ತಿ ಸದ್ದು ಕೇಳಿ, "ಇಂಜಿನ್ ಇಳಿಸಬೇಕು, 40,000 ಆಗುತ್ತೆ" ಎಂದಿದ್ದರಂತೆ. ಹೇಳಿದವರು ಅನುಭವಸ್ಥರೇ ಇರಬಹುದು. ಆದರೆ ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದು ನೆನಪಿದೆಯಲ್ಲ? ಎಲ್ಲರೂ ಹೇಳುತ್ತಾರೆ ಎಂದು ಒಪ್ಪಬೇಡಿ, ಹೇಳಿದವರು ದೊಡ್ಡವರು ಎಂದೂ ಒಪ್ಪಬೇಡಿ ಎಂಬುದು ಅದರ ಸಾರ. ಬೀದಿಯ ಮಾತಿಗೆ ಹೇಗೋ ಹಾಗೇ ಮೇಸ್ತ್ರಿಯ ಮಾತಿಗೂ ಇದು ಅನ್ವಯಿಸುತ್ತದೆ.

ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದೆ. ಪಿ0303 ಎಂಬ ಕೋಡ್ ಬಂತು. ಪಿ0300 ಎಂದರೆ ಮಿಸ್ಸಿಂಗ್ ಒಂದೇ ಸಿಲಿಂಡರಿಗೆ ಸೀಮಿತವಾಗಿಲ್ಲ ಎಂದರ್ಥ. ಪಿ0301ರಿಂದ ಮುಂದಕ್ಕೆ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ಮೂರನೇ ಸಿಲಿಂಡರ್ ಉರಿಯುತ್ತಿಲ್ಲ ಎಂದು ಗೊತ್ತಾಯಿತು. *ಯಾಕೆ* ಎಂದು ಸ್ಕ್ಯಾನರ್ ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ಪಾರ್ಟ್ ತರಿಸುವ ಗ್ಯಾರೇಜ್‌ಗಳಿವೆ, ದುಡ್ಡು ಹೋಗುವುದು ಅಲ್ಲೇ.

ಈ ಗಾಡಿಯಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇದೆ. ಮೂರನೆಯದನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರನೆಯದಕ್ಕೂ ಅದಲುಬದಲು ಮಾಡಿ, ಕೋಡ್ ಅಳಿಸಿ, ಅಷ್ಟೇ ಜನರನ್ನು ಕೂರಿಸಿಕೊಂಡು ಅದೇ ಏರು ಹತ್ತಿಸಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಈಗ ಬಂದದ್ದು ಪಿ0301. ಕಾಯಿಲ್ ಹೋದಲ್ಲಿಗೆ ದೋಷವೂ ಹೋಯಿತು! ಅಕ್ಕನನ್ನು ಕರೆದು ಎರಡೂ ಸಂಖ್ಯೆಗಳನ್ನು ತೋರಿಸಿದೆ. ಕಾಯಿಲಿನಲ್ಲಲ್ಲದೆ ಪ್ಲಗ್ಗಿನಲ್ಲೋ ಇಂಜೆಕ್ಟರಿನಲ್ಲೋ ದೋಷವಿದ್ದಿದ್ದರೆ ಕೋಡ್ ಮೂರರಲ್ಲೇ ಉಳಿಯುತ್ತಿತ್ತು.

ನನ್ನ ಜೊತೆಯ ಹುಡುಗ "ಹೊಸ ಕಾಯಿಲ್ ಹಾಕಿದರೆ ಮುಗೀತಲ್ಲಣ್ಣ" ಎಂದ. ಹಾಕಬಹುದಿತ್ತು, ಗಾಡಿ ಓಡುತ್ತಿತ್ತು, ಕೆಲವು ತಿಂಗಳಿಗೆ ಮತ್ತೆ ನಿಲ್ಲುತ್ತಿತ್ತು. ಕಾಯಿಲ್ ಯಾಕೆ ಕೆಟ್ಟಿತು? ಪ್ಲಗ್ ಕೂರುವ ಕುಳಿಗೆ ಟಾರ್ಚ್ ಬಿಟ್ಟರೆ ಇಂಜಿನ್ ಆಯಿಲ್ ಹೊಳೆಯುತ್ತಿತ್ತು. ಆಯಿಲಿನಲ್ಲಿ ನೆಂದು ಕಾಯಿಲಿನ ರಬ್ಬರ್ ಮೆತ್ತಗಾಗಿತ್ತು. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚಾದಾಗ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು; ಆಗ ಕರೆಂಟು ಪ್ಲಗ್ಗಿನ ತುದಿಗೆ ಹೋಗದೆ ರಬ್ಬರಿನ ಪಕ್ಕದಿಂದ ಬಾಡಿಗೆ ಸೋರುತ್ತದೆ. ಖಾಲಿ ಗಾಡಿ ಚೆನ್ನಾಗಿ ಓಡಿ, ಜನ ಕೂತಾಗ ಕೈಕೊಡುತ್ತಿದ್ದುದು ಅದಕ್ಕೇ.

ಆಯಿಲ್ ಅಲ್ಲಿಗೆ ಬಂದದ್ದು ಟ್ಯಾಪೆಟ್ ಕವರಿನ ಸೀಲ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರಿಂದ. ಸೀಲ್ ಮೇಲೆ ಒತ್ತಡ ಬಿದ್ದದ್ದು ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರಿಂದ. ಇಂಜಿನ್ ಒಳಗಿನ ಹೊಗೆಯನ್ನು ಹೊರಗೆ ಎಳೆಯುವ ಬೆರಳುದ್ದದ ವಾಲ್ವ್ ಅದು. ಅಲ್ಲಾಡಿಸಿದರೆ ಕಟಕಟ ಎನ್ನಬೇಕು, ಇದು ಎನ್ನಲಿಲ್ಲ. ಅದು ಕಟ್ಟಿಕೊಂಡದ್ದು ಆಯಿಲ್ ಬದಲಿಸದೆ ಓಡಿಸಿ ಒಳಗೆಲ್ಲ ಕಪ್ಪು ಗಸಿ ಕೂತಿದ್ದರಿಂದ. ಕಾರಣಕ್ಕೆ ಕಾರಣ, ಅದಕ್ಕೊಂದು ಕಾರಣ. (ಇದನ್ನು 12 ನಿದಾನಗಳಿಗೆ ಒಂದೊಂದಾಗಿ ತಾಳೆ ಹಾಕಲು ಹೋಗಬೇಡಿ, ಅಷ್ಟು ದೂರ ಬರುವುದಿಲ್ಲ.) ಕಂಪ್ರೆಶನ್ ಅಳೆದರೆ ನಾಲ್ಕೂ ಸಿಲಿಂಡರಿನಲ್ಲಿ 165ರಿಂದ 170 ಪಿಎಸ್‌ಐ ಇತ್ತು. ಇಂಜಿನ್ ಇಳಿಸುವ ಅಗತ್ಯ ಇರಲಿಲ್ಲ. ಒಂದು ಕಾಯಿಲ್, ನಾಲ್ಕು ಪ್ಲಗ್, ಕವರಿನ ಪ್ಯಾಕಿಂಗ್ ಮತ್ತು ಸೀಲ್, ಪಿಸಿವಿ ವಾಲ್ವ್, ಆಯಿಲ್, ಫಿಲ್ಟರ್ ಎಲ್ಲ ಸೇರಿ 7,000 ದಾಟಲಿಲ್ಲ.

ಮಾರಿದವನ ಬಗ್ಗೆ ಒಂದು ಮಾತು. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಎಂದೂ ಸ್ಕ್ಯಾನರ್ ತೋರಿಸುತ್ತದೆ. ನಾನು ಮೊದಲ ಸಲ ಹಾಕಿದಾಗ ಬಂದದ್ದು 212 ಕಿಲೋಮೀಟರ್. ಇವರು ಕೊಂಡ ಮೇಲೆ ಓಡಿದ್ದು 205. ಹುಡುಗ ಸಿಟ್ಟಿಗೆದ್ದು, ಮೋಸಗಾರ ಎಂದು ವಿಡಿಯೊ ಮಾಡಿ ಹಾಕುತ್ತೇನೆಂದ. ಬ್ಯಾಟರಿ ಬಿಚ್ಚಿ ಹಾಕಿದರೂ ಎಷ್ಟೋ ಗಾಡಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ, ಈ ಗಾಡಿಯ ಬ್ಯಾಟರಿ ಹೊಸದು. ಬೇಕೆಂದೇ ಅಳಿಸಿರಬಹುದು, ಇಲ್ಲದೆಯೂ ಇರಬಹುದು. ಮೊದಲು ಫೋನ್ ಮಾಡಿ ಬ್ಯಾಟರಿ ಬಿಲ್ಲಿನ ತಾರೀಖು ಕೇಳು ಎಂದೆ. ಸಮ್ಮಾ ವಾಚಾ ಎಂದರೆ ಮೆತ್ತಗೆ ಮಾತಾಡುವುದಷ್ಟೇ ಅಲ್ಲ, ಗೊತ್ತಿರುವಷ್ಟನ್ನೇ ಹೇಳುವುದೂ ಹೌದು. ನೀವು ಹಳೇ ಗಾಡಿ ಕೊಳ್ಳುವುದಿದ್ದರೆ ದುಡ್ಡು ಕೊಡುವ ಮೊದಲೇ ಸ್ಕ್ಯಾನರ್ ಹಾಕಿಸಿ ಈ ಕಿಲೋಮೀಟರ್ ನೋಡಿ, ಪ್ಲಗ್ಗಿನ ಕುಳಿಗೂ ಟಾರ್ಚ್ ಬಿಡಿ.

ಅಕ್ಕ ಇನ್ನೂ ಒಂದು ಕೇಳಿದಳು: "ಹಿಂದಿನವನು ಮಾಡಿದ್ದನ್ನು ನಾವು ಅನುಭವಿಸಿದೆವಲ್ಲ, ಇದೇ ಕರ್ಮ ಅಲ್ವಾ?" ಒಳ್ಳೆಯ ಪ್ರಶ್ನೆ. ಹಿಂದಿನ ಮಾಲೀಕನ ಅಸಡ್ಡೆ ನಮ್ಮ ಪಾಲಿಗೆ ಬಂದದ್ದು ನಿಜ. ಆದರೆ ಅದು ಬಂದ ದಾರಿಯನ್ನು ಗಸಿ, ವಾಲ್ವ್, ಸೀಲ್, ರಬ್ಬರ್ ಎಂದು ಬೆರಳಿಟ್ಟು ತೋರಿಸಬಹುದು, ಅಲ್ಲಿ ಕೈ ಹಾಕಿ ನಿಲ್ಲಿಸಲೂಬಹುದು. ಹಿಂದಿನ ಜನ್ಮದ ಕರ್ಮ ಎನ್ನುವವರು ಅಂಥ ದಾರಿ ಯಾವುದನ್ನೂ ತೋರಿಸುವುದಿಲ್ಲ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಆ ಸಿದ್ಧಾಂತವನ್ನು ಕಟುವಾಗಿ ತಳ್ಳಿಹಾಕಿದ್ದು ಇದಕ್ಕೇ: ಬಡವರ ಮತ್ತು ತುಳಿತಕ್ಕೆ ಒಳಗಾದವರ ಸ್ಥಿತಿಗೆ ಅವರ ಹಿಂದಿನ ಜನ್ಮವನ್ನು ಹೊಣೆ ಮಾಡಿದರೆ, ಸಮಾಜವೂ ಸರ್ಕಾರವೂ ತಮ್ಮ ಹೊಣೆಯಿಂದ ತಪ್ಪಿಸಿಕೊಳ್ಳುತ್ತವೆ. ನಮ್ಮ ತಾತಂದಿರ ಕೇರಿ ಊರಾಚೆ ಇದ್ದದ್ದು ಅವರ ಹಣೆಬರಹವಲ್ಲ. ಅಲ್ಲಿಟ್ಟವರು ಇದ್ದರು, ಇಡುವುದಕ್ಕೆ ಕಟ್ಟುಪಾಡುಗಳಿದ್ದವು.

*ಭಾನುವಾರದ ಓದಿಗೆ:* ಅದೇ ಗ್ರಂಥದ ನಾಲ್ಕನೆಯ ಪುಸ್ತಕ, ಎರಡನೆಯ ಭಾಗದಲ್ಲಿ ಕರ್ಮದ ಬಗ್ಗೆ ಇರುವ ಪುಟಗಳು. ಓದುವಾಗ ಬುದ್ಧರ ಕರ್ಮಕ್ಕೂ ಬ್ರಾಹ್ಮಣ್ಯದ ಕರ್ಮಕ್ಕೂ ಬಾಬಾಸಾಹೇಬರು ಎಲ್ಲಿ ಗೆರೆ ಎಳೆಯುತ್ತಾರೆ ಎಂದು ಗುರುತು ಹಾಕಿಕೊಂಡು ಬನ್ನಿ. ಅಕ್ಕನೂ ಬರುತ್ತಾಳೆ, ಅವಳ ಪ್ರಶ್ನೆ ಇನ್ನೂ ಮುಗಿದಿಲ್ಲವಂತೆ.

ಜೈ ಭೀಮ್. ನಮೋ ಬುದ್ಧಾಯ. 🙏