ಕಚೇರಿಯ ಕಸ ಇಳಿಸಿ, ಹೆಸರು ಗಳಿಸಿ: 7 ಸೂತ್ರಗಳು

ಶಿರಸಿಯ ಸಹಕಾರಿ ಸಂಘವಿರಲಿ, ಸಿದ್ದಾಪುರದ ತಾಲ್ಲೂಕು ಕಚೇರಿ ಇರಲಿ, ಯಲ್ಲಾಪುರದ ಕಾಲೇಜು ಆಫೀಸ್ ಇರಲಿ, ಯಾರೂ ಮುಂದೆ ಬಂದು ಹಿಡಿಯದ ಕೆಲಸವೊಂದು ಅಲ್ಲಿ ಬಿದ್ದಿರುತ್ತದೆ: ಕಸದ ಲೆಕ್ಕ. ಅದನ್ನು ನೀವು ಹಿಡಿಯಿರಿ. ಖರ್ಚು ಇಳಿಸಿದವರನ್ನು ಮ್ಯಾನೇಜ್‌ಮೆಂಟ್ ಮರೆಯುವುದಿಲ್ಲ. ‘ನಾನಿನ್ನೂ ಜೂನಿಯರ್, ನನ್ನ ಮಾತು ಯಾರು ಕೇಳುತ್ತಾರೆ’ ಎಂಬ ಅಳುಕು ಬರೀ ಅಭ್ಯಾಸ. ಅದನ್ನು ಇವತ್ತೇ ಬಿಡಿ.

1. ಮೊದಲು ಬುಟ್ಟಿ ನೋಡಿ.
ಒಂದು ವಾರ, ಸಂಜೆ ಹೊರಡುವ ಮುನ್ನ ಕಸದ ಬುಟ್ಟಿಯಲ್ಲಿ ಏನೇನಿದೆ ಎಂದು ಬರೆದಿಡಿ. ತಪ್ಪಾಗಿ ಪ್ರಿಂಟ್ ಆದ ಹಾಳೆ, ಚಹಾ ಕಪ್, ಬಿಸ್ಕತ್ ಪ್ಯಾಕೆಟ್, ಬಾಳೆಹಣ್ಣಿನ ಸಿಪ್ಪೆ, ಕೊರಿಯರ್ ಕವರ್. ಅಂಕಿ ಹಿಡಿದು ಮಾತಾಡುವವರನ್ನು ಮೀಟಿಂಗ್‌ನಲ್ಲಿ ತಳ್ಳಿಹಾಕುವುದು ಕಷ್ಟ.

2. ಪ್ರಿಂಟರ್ ಸೆಟ್ಟಿಂಗ್ ಬದಲಿಸಿ.
ಎರಡೂ ಬದಿ ಪ್ರಿಂಟ್ ಆಗುವುದನ್ನೇ ಡೀಫಾಲ್ಟ್ ಮಾಡಿ. 80 ಜಿಎಸ್‌ಎಂನ ಒಂದು ಎ4 ಹಾಳೆ ಸುಮಾರು 5 ಗ್ರಾಂ ತೂಗುತ್ತದೆ. 500 ಹಾಳೆಯ ರೀಮ್ ಎಂದರೆ ಎರಡೂವರೆ ಕಿಲೋ. ತಿಂಗಳಿಗೆ 10 ರೀಮ್ ಬಳಸುವ ಕಚೇರಿ 25 ಕಿಲೋ ಕಾಗದ ಖರ್ಚು ಮಾಡುತ್ತದೆ. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ಹೊಲಿದು ರಫ್ ಪ್ಯಾಡ್ ಮಾಡಿ. ಆದರೆ ಎಚ್ಚರ: ಆಧಾರ್, ಪಾಸ್‌ಬುಕ್, ಪಹಣಿಯ ಪ್ರತಿಗಳು ಪ್ಯಾಡ್‌ಗೆ ಹೋಗಕೂಡದು. ಅವನ್ನು ಚೂರು ಮಾಡಿಯೇ ರದ್ದಿಗೆ ಹಾಕಿ.

ಕಾಗದ ಎಲ್ಲಿಂದ ಬರುತ್ತದೆಂದು ಈ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆಗೆ ನಮ್ಮ ಕಾಡಿನ ಬಿದಿರು ಲಾರಿಗಟ್ಟಲೆ ಹೋಗಿದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು, ಅಪ್ಪಿಕೋ ಚಳವಳಿ ಶುರುವಾಯಿತು. ಆ ಊರುಗಳ ಮಕ್ಕಳು, ಮೊಮ್ಮಕ್ಕಳು ಇವತ್ತು ಇದೇ ಕಚೇರಿಗಳಲ್ಲಿ ಕೂತಿದ್ದಾರೆ. ಪ್ರಿಂಟ್ ಬಟನ್ ಒತ್ತುವ ಮೊದಲು ಪ್ರಿವ್ಯೂ ನೋಡುವಷ್ಟು ತಾಳ್ಮೆ ನಮಗೆ ಇರಲೇಬೇಕು.

3. ರದ್ದಿಯನ್ನು ಮೇ ತಿಂಗಳಲ್ಲೇ ಮಾರಿ.
ಜೂನ್ ಹಿಡಿದರೆ ಮುಗಿಯಿತು, ಮೂಲೆಯಲ್ಲಿಟ್ಟ ಕಾಗದ ಥಂಡಿ ಎಳೆದು ಬೂಸ್ಟು ಹಿಡಿಯುತ್ತದೆ. ಒದ್ದೆ ರದ್ದಿಗೆ ಗುಜರಿಯವರು ಬೆಲೆ ಕೊಡುವುದಿಲ್ಲ. ಯಾವ ಕಡತ ವಿಲೇವಾರಿ ಮಾಡಬಹುದು ಎಂದು ಮೇಲಧಿಕಾರಿಯಿಂದ ಬರಹದಲ್ಲೇ ಒಪ್ಪಿಗೆ ಪಡೆಯಿರಿ. ಉಳಿದದ್ದನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.

4. ಪೇಪರ್ ಕಪ್ ನಿಲ್ಲಿಸಿ.
ಹೆಸರು ಪೇಪರ್, ಒಳಗೆ ತೆಳು ಪ್ಲಾಸ್ಟಿಕ್ ಪದರ. ಹಾಗಾಗಿ ಅದು ಸಾಮಾನ್ಯ ರದ್ದಿಯ ಜೊತೆ ರೀಸೈಕಲ್ ಆಗದು. ಪ್ರತಿಯೊಬ್ಬರಿಗೂ ಒಂದು ಸ್ಟೀಲ್ ಲೋಟ ಕೊಡಿಸಿ. ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ, 2022ರ ಜುಲೈ 1ರಿಂದ ಇಡೀ ದೇಶದಲ್ಲೇ ನಿಷೇಧವಿದೆ. ಬೀಳ್ಕೊಡುಗೆ ಊಟಕ್ಕೆ ಬಾಳೆಲೆ ಹಾಕಿಸಿ, ಇಲ್ಲವೇ ಅಡಿಕೆ ಹಾಳೆಯ ತಟ್ಟೆ ತರಿಸಿ. ಅಡಿಕೆ ಸೀಮೆಯಲ್ಲಿ ಕೂತು ಥರ್ಮೊಕೋಲ್ ತಟ್ಟೆಯಲ್ಲಿ ಉಣ್ಣುವುದು ನಮಗೆ ಶೋಭೆಯಲ್ಲ.

5. ಹಸಿ ಕಸ ಕಾಂಪೌಂಡ್ ದಾಟದಿರಲಿ.
ಬೇರೆ ಊರಿನ ಕಚೇರಿಗಳಿಗಿಲ್ಲದ ಅನುಕೂಲ ನಿಮಗೆ ಇಲ್ಲಿದೆ: ದರಕು, ಅಂದರೆ ಉದುರಿದ ಒಣ ಎಲೆ. ತಳಕ್ಕೂ ಪಕ್ಕಕ್ಕೂ ತೂತು ಕೊರೆದ ಒಂದು ಡ್ರಮ್ ತಗೊಳ್ಳಿ. ಅಡಿಯಲ್ಲಿ ದರಕು ಹಾಸಿ. ಒಂದು ಪಾಲು ಹಸಿ ಕಸಕ್ಕೆ ಎರಡು ಪಾಲು ದರಕು, ಮೇಲೊಂದು ಹಿಡಿ ಸಗಣಿ ಗೊಬ್ಬರ. ವಾರಕ್ಕೊಮ್ಮೆ ಕೋಲಿನಿಂದ ಕದಡಿ. ವಾಸನೆ ಬಂದರೆ ದರಕು ಕಡಿಮೆಯಾಗಿದೆ ಎಂದರ್ಥ, ಇನ್ನಷ್ಟು ಸುರಿಯಿರಿ. ಡ್ರಮ್ ಮಾಡಿನ ಕೆಳಗೇ ಇರಬೇಕು. ನಮ್ಮ ಮಳೆ ಒಳಗೆ ಬಿದ್ದರೆ ಅದು ಗೊಬ್ಬರವಾಗುವುದಿಲ್ಲ, ರಾಡಿಯಾಗುತ್ತದೆ.

ಗೊತ್ತಾಗದಿದ್ದರೆ ತೋಟವಿರುವ ಸಹೋದ್ಯೋಗಿಯನ್ನು ಕೇಳಿ. ಸೊಪ್ಪಿನ ಬೆಟ್ಟದಿಂದ ದರಕು ತಂದು ಗೊಬ್ಬರಗುಂಡಿ ತುಂಬಿದ ಮನೆತನದವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಎರಡು ಮೂರು ತಿಂಗಳಲ್ಲಿ ಗೊಬ್ಬರ ತಯಾರಾದಾಗ ಒಯ್ಯಲು ಮೊದಲು ಬರುವವರೂ ಅವರೇ.

6. ಇ-ತ್ಯಾಜ್ಯಕ್ಕೆ ಬೇರೆ ಪೆಟ್ಟಿಗೆ ಇಡಿ.
ಹಾಳಾದ ಮೌಸ್, ಚಾರ್ಜರ್, ಸೆಲ್, ಸಿಎಫ್‌ಎಲ್ ಬಲ್ಬ್ ಅದರಲ್ಲೇ ಬೀಳಲಿ. ಸಿಎಫ್‌ಎಲ್‌ನಲ್ಲಿ ಪಾದರಸವಿದೆ, ಒಡೆಯಬೇಡಿ. 2023ರ ಏಪ್ರಿಲ್‌ನಿಂದ ಹೊಸ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. ನೋಂದಾಯಿತ ರೀಸೈಕ್ಲರ್‌ಗೇ ಕೊಡಿ, ರಸೀದಿ ಪಡೆಯಿರಿ.

7. ಗುಡಿಸುವವರನ್ನು ಟೀಮ್‌ಗೆ ಸೇರಿಸಿ.
ನೀವು ಹಸಿ, ಒಣ ಎಂದು ಬೇರ್ಪಡಿಸಿದ ಕಸವನ್ನು ಸಂಜೆ ಒಂದೇ ಚೀಲಕ್ಕೆ ಸುರಿದರೆ ದಿನದ ಶ್ರಮ ನೀರುಪಾಲು. ಗುಡಿಸುವ ಅಕ್ಕನ ಜೊತೆ ಕೂತು ಮಾತಾಡಿ. ಯಾವ ಬುಟ್ಟಿ ಎಲ್ಲಿದ್ದರೆ ಅವರಿಗೆ ಸುಲಭ ಎಂದು ಕೇಳಿ, ಅಲ್ಲೇ ಇಡಿ. ಕೈಗೆ ಗ್ಲೌಸ್ ಕೊಡಿಸಿ. ಎಂಜಲು ಮೆತ್ತಿದ ಪ್ಲಾಸ್ಟಿಕ್ ತೊಳೆದು ಹಾಕುವುದು ತಿಂದವರ ಕೆಲಸ, ಅವರದಲ್ಲ. ನಗರಸಭೆ ಅಥವಾ ಪಟ್ಟಣ ಪಂಚಾಯತಿಯ ಕಸದ ಗಾಡಿ ಬರುವ ಹೊತ್ತು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಬಾಕಿ ಒಣ ಕಸವನ್ನು ಆ ಹೊತ್ತಿಗೆ ಕಟ್ಟಿಡಿ.

ತಿಂಗಳ ಕೊನೆಗೆ ಒಂದೇ ಪುಟದ ವರದಿ ಬರೆಯಿರಿ: ಎಷ್ಟು ರೀಮ್ ಉಳಿಯಿತು, ರದ್ದಿಯಿಂದ ಎಷ್ಟು ಬಂತು, ಎಷ್ಟು ಕಪ್ ಖರೀದಿ ನಿಂತಿತು. ಸಹಕರಿಸಿದವರ ಹೆಸರುಗಳನ್ನು, ಆ ಅಕ್ಕನ ಹೆಸರನ್ನೂ ಸೇರಿಸಿ, ವರದಿಯ ಮೇಲ್ಭಾಗದಲ್ಲೇ ಬರೆಯಿರಿ. ಸಹಿ ಹಾಕಿ ಮ್ಯಾನೇಜರ್ ಟೇಬಲ್ ಮೇಲಿಡಿ, ಮುಂದಿನ ತಿಂಗಳ ಇಂಡೆಂಟ್‌ನಲ್ಲಿ ರೀಮ್ ಸಂಖ್ಯೆ ಇಳಿಸಲು ಅಲ್ಲೇ ಒಪ್ಪಿಗೆ ಕೇಳಿ.