ಮಾತು ಕೇಳುವ ನೋವು, ಕೇಳದ ನೋವು

ಐದನೇ ತಿಂಗಳಲ್ಲಿ ಹಾಸಿಗೆಯಿಂದ ದಡಕ್ಕನೆ ಎದ್ದಾಗ ಕಿಬ್ಬೊಟ್ಟೆಯಲ್ಲಿ ಚುಳ್ ಅಂದರೆ ಎಂಥವಳಿಗೂ ಕೈಕಾಲು ತಣ್ಣಗಾಗುತ್ತದೆ, ಮಗುವಿಗೇನಾಯಿತೋ ಅಂತ. ಅದು ಮಗುವಿನಿಂದ ಬಂದದ್ದಲ್ಲ ಕಣಮ್ಮ. ಗರ್ಭಕೋಶವನ್ನು ಎರಡೂ ಕಡೆ ಹಿಡಿದಿರುವ ಹುರಿಯಂಥ ತಂತುಗಳು ತೊಡೆಸಂದಿನವರೆಗೂ ಇಳಿದಿರುತ್ತವೆ. ಹೊಟ್ಟೆ ಬೆಳೆದ ಹಾಗೆ ಅವು ಜಗ್ಗುತ್ತವೆ. ಸೀನಿದರೆ, ಗಕ್ಕನೆ ತಿರುಗಿದರೆ ಚುಚ್ಚುತ್ತವೆ. ಏಳುವಾಗ ಮೊದಲು ಮಗ್ಗುಲಾಗು, ಆಮೇಲೆ ಕೈಯೂರಿ ಏಳು. ಸೀನು ಬರುತ್ತದೆ ಅನ್ನಿಸಿದರೆ ತುಸು ಮುಂದಕ್ಕೆ ಬಾಗು.

ನೋವು ಎಷ್ಟು ಜೋರು ಅನ್ನುವುದಕ್ಕಿಂತ ಅದು ನಿನ್ನ ಮಾತು ಕೇಳುತ್ತದೋ ಇಲ್ಲವೋ ನೋಡು. ಎರಡು ಲೋಟ ನೀರು ಕುಡಿ, ಮೂತ್ರಕ್ಕೆ ಹೋಗಿ ಬಾ, ಎಡ ಮಗ್ಗುಲಿಗೆ ಮಲಗು. ಇಳಿಯಿತೋ, ಹೆಚ್ಚಾಗಿ ಹೆದರುವಂಥದ್ದಲ್ಲ. ಎಷ್ಟೋ ಸಲ ಅದು ಗ್ಯಾಸೇ ಆಗಿರುತ್ತದೆ. ಬಸುರಿಯ ಕರುಳು ಮೊದಲೇ ನಿಧಾನ, ಮೇಲಿಂದ ಕಬ್ಬಿಣದ ಮಾತ್ರೆ ಬೇರೆ. ಹಾಗಂತ ಮಾತ್ರೆ ಬಿಡಬೇಡ. ಸೊಪ್ಪು, ಹಣ್ಣು, ನೀರು ಜಾಸ್ತಿ ಮಾಡು. ಯಾರಾದರೂ ಹರಳೆಣ್ಣೆ ಕುಡಿಸಲು ಬಂದರೆ ಮಾತ್ರ ಬಾಯಿ ಮುಚ್ಚಿಕೋ. ಅದು ಗರ್ಭಕೋಶವನ್ನೂ ಕೆರಳಿಸಬಹುದು.

ರಾತ್ರಿ ಮೀನಖಂಡ ಹಿಡಿದುಕೊಂಡರೆ ಕಾಲು ಚಾಚಿ ಬೆರಳುಗಳನ್ನು ನಿನ್ನ ಕಡೆಗೆ ಎಳೆ, ಬಿಡುತ್ತದೆ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿದ್ದರೆ ತಿಕ್ಕಬೇಡ, ಡಾಕ್ಟರಿಗೆ ತೋರಿಸು.

ಏಳು ತಿಂಗಳಾದ ಮೇಲೆ ಹೊಟ್ಟೆ ಆಗಾಗ ಬಿಗಿದು ಗಟ್ಟಿಯಾಗಿ, ಮತ್ತೆ ಸಡಿಲವಾಗುತ್ತದೆ. ಡಾಕ್ಟರುಗಳು ಇದಕ್ಕೆ ಬ್ರಾಕ್ಸ್‌ಟನ್ ಹಿಕ್ಸ್ ಅನ್ನುತ್ತಾರೆ, 1872ರಲ್ಲಿ ಇದರ ಬಗ್ಗೆ ಬರೆದ ಇಂಗ್ಲೆಂಡಿನ ವೈದ್ಯನ ಹೆಸರು. ಅಲ್ಲಿಯವರೆಗೆ ಹೆಂಗಸರಿಗೇ ಗೊತ್ತಿರಲಿಲ್ಲವೇನೋ ಅನ್ನುವ ಹಾಗೆ! ಇರಲಿ. ಇದಕ್ಕೆ ಲೆಕ್ಕ ತಾಳ ಇರುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ನಿಲ್ಲುತ್ತದೆ. ನಿಜವಾದ ಹೆರಿಗೆ ನೋವು ನಿಲ್ಲುವುದಿಲ್ಲ. ಗಡಿಯಾರ ನೋಡುತ್ತ ಕೂತರೆ ನಡುವಿನ ಹೊತ್ತು ಕಿರಿದಾಗುತ್ತ ಬರುವುದು ಗೊತ್ತಾಗುತ್ತದೆ, ಸೊಂಟದಿಂದ ಮುಂದಕ್ಕೆ ಸುತ್ತಿಕೊಂಡು ಬರುವುದೂ ಉಂಟು. 37 ವಾರ ತುಂಬುವ ಮೊದಲೇ ಹೀಗಾದರೆ ಬೆಳಗಾಗಲಿ ಅಂತ ಕಾಯಬೇಡ.

ಇನ್ನು ಕೆಲವಕ್ಕೆ ನೀರು ಕುಡಿದು ನೋಡುವ ಪರೀಕ್ಷೆಯೂ ಬೇಡ. ನೋವಿನ ಜೊತೆ ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ, ಮಗುವಿನ ಮಿಸುಕಾಟ ಕಮ್ಮಿಯಾದರೆ, ಹೊಟ್ಟೆ ಬಿಗಿದದ್ದು ಸಡಿಲವಾಗದೇ ಇದ್ದರೆ ನೇರ ಆಸ್ಪತ್ರೆಗೆ. ಮೊದಲ ಮೂರು ತಿಂಗಳಲ್ಲಿ ಒಂದೇ ಪಕ್ಕ ಕೊರೆಯುವ ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಬಂದರೆ ಗರ್ಭ ನಾಳದಲ್ಲಿ ಕೂತಿರಬಹುದು. ಅದು ಒಡೆದರೆ ಜೀವಕ್ಕೇ ಕುತ್ತು. ಕೊನೆಯ ತಿಂಗಳುಗಳಲ್ಲಿ ಬಲಪಕ್ಕೆಲುಬಿನ ಕೆಳಗೆ ನೋವು, ಬಿಡದ ತಲೆನೋವು, ಕಣ್ಣು ಮಂಜು ಅಂದರೆ ಬಿಪಿ ಏರಿರಬಹುದು. ಉರಿಮೂತ್ರವನ್ನು ಉಷ್ಣ ಅಂತ ಎಳನೀರಿನಲ್ಲೇ ತಳ್ಳಬೇಡ. ಸೋಂಕಾಗಿದ್ದರೆ ಅದೇ ಹೆರಿಗೆ ನೋವನ್ನು ಎಬ್ಬಿಸಬಹುದು.

‘ಬಸುರಿ ಅಂದಮೇಲೆ ಇದೆಲ್ಲ ಇದ್ದದ್ದೇ, ನಾವು ಹೆರಲಿಲ್ಲವೇ’ ಅನ್ನುವವರು ಮನೆಯಲ್ಲೇ ಇರುತ್ತಾರೆ. ಹೆತ್ತು ಬದುಕಿದವರು ಮಾತ್ರ ಹಾಗೆ ಹೇಳಲು ಉಳಿದಿರುತ್ತಾರೆ, ಅಲ್ಲವೇ? ಅವರ ಜೊತೆ ವಾದಕ್ಕೆ ನಿಲ್ಲಬೇಡ, ಹೊರಡು. ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನೂ ನಿನ್ನಷ್ಟಕ್ಕೆ ನುಂಗಬೇಡ. ಐಬುಪ್ರೊಫೇನ್ ಜಾತಿಯವು ಈಗ ನಿನಗಲ್ಲ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಎರಡನ್ನೂ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇಡು. ಗಂಡ ಊರಲ್ಲಿಲ್ಲದಿದ್ದರೆ 108ಕ್ಕೆ ನೀನೇ ಫೋನ್ ಮಾಡು. ಹೋಗಿ ನೋಡಿ ಏನಿಲ್ಲ ಅಂದರು ಅನ್ನು, ಹಾಗಾದರೆ ಮನೆಗೆ ಬಂದು ಊಟ ಮಾಡಿ ಮಲಗಿದರಾಯಿತು.